ಎರಡೂಕಾಲು ಸೆಕೆಂಡು

ನಮ್ಮಲ್ಲಿ ಒಂದು ನಿಯಮವಿತ್ತು. ರೆಕಾರ್ಡಿನ ಮೇಲೆ ಸೂಜಿ ಇಳಿದರೆ ಆ ಬದಿ ಮುಗಿಯುವ ತನಕ ಯಾರೂ ಮಾತಾಡಬಾರದು, ಎದ್ದು ನಡೆಯಬಾರದು. ಮಾತಾಡಬಾರದು ಎಂಬುದು ಸಂಗೀತದ ಮರ್ಯಾದೆಗೆ. ನಡೆಯಬಾರದು ಎಂಬುದಕ್ಕೆ ಬೇರೆ ಕಾರಣ. ನಾವು ಕೂಡುತ್ತಿದ್ದದ್ದು ಸಿಂದಗಿಯಲ್ಲಿ, ಗೈಬುಸಾಬ ಕಾಕಾ ಅವರ ರೇಡಿಯೊ ರಿಪೇರಿ ಅಂಗಡಿಯ ಮೇಲಿನ ಅಟ್ಟದಲ್ಲಿ. ನೆಲ ಹಲಗೆಯದು. ಒಬ್ಬರು ಎದ್ದು ಎರಡು ಹೆಜ್ಜೆ ಇಟ್ಟರೂ ಸೂಜಿ ಹಾರಿ ರೆಕಾರ್ಡಿಗೆ ಗೀರು ಬೀಳುತ್ತದೆ.

ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳು ನಾನು. ಅದರ ಎರಡನೆಯ ಭಾಗವನ್ನು ಎಲ್ಲರೂ ಪಾಲಿಸುತ್ತಿದ್ದರು. ಮೊದಲನೆಯ ಭಾಗವನ್ನು ಅಮೀರ ಒಂದು ಸಲವೂ ಪಾಲಿಸಲಿಲ್ಲ.

ಅಮೀರ ಇಂಡಿ ಊರಿನ ಲಿಂಬೆ ವ್ಯಾಪಾರಿ. ಮಾಲು ಕಳಿಸಿ ಹಣ ತರಲು ಮುಂಬೈಗೆ ಹೋದಾಗಲೆಲ್ಲ ಅಲ್ಲಿಯ ಫುಟ್‌ಪಾತಿನಲ್ಲಿ ಹಳೆಯ ಜಾಝ್ ರೆಕಾರ್ಡುಗಳನ್ನು ಹುಡುಕಿ ತರುತ್ತಿದ್ದರು. ಬಹಳಷ್ಟಕ್ಕೆ ಕವರು ಇರುತ್ತಿರಲಿಲ್ಲ, ಕೆಲವಕ್ಕೆ ಲೇಬಲ್ಲೂ ಇರುತ್ತಿರಲಿಲ್ಲ. ಯಾರು ಊದಿದ್ದು, ಯಾವ ಊರಿನಲ್ಲಿ ಬಾರಿಸಿದ್ದು ತಿಳಿಯದೆ ನಾವೇ ಹೆಸರಿಟ್ಟುಕೊಂಡಿದ್ದೆವು: ‘ಮುದುಕನ ಬಾಸ್’, ‘ಇಬ್ಬರು ಜಗಳಗಂಟರು’, ‘ಹರಕು ಲೇಬಲ್’. ನಾಲ್ಕನೆಯವರು ಚೇತನಕುಮಾರ, ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ವಿಜ್ಞಾನ ಮಾಸ್ತರರು. ನಾನು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಲ್ವರೂ ಸಿಂದಗಿಗೆ ಬಂದು ಸೇರುತ್ತಿದ್ದೆವು. ಆರು ವರ್ಷ ಹಾಗೆ ಸೇರಿದೆವು.

ರೆಕಾರ್ಡು ಸವೆಯುತ್ತದೆಂದು ಪ್ರತಿಯೊಂದನ್ನೂ ಒಮ್ಮೆ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಎಲ್ಲರೂ ಒಂದೊಂದು ಪ್ರತಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ನೇರವಾಗಿ ತಂತಿ ಜೋಡಿಸಿದ್ದರೆ ಮುಗಿದುಹೋಗುತ್ತಿತ್ತು. ಗೈಬುಸಾಬ ಕಾಕಾ ಒಪ್ಪಲಿಲ್ಲ.

"ವೈರಿನ್ಯಾಗಿಂದ ವೈರಿಗೆ ಹ್ವಾದ್ರ ಅದು ಕರೆಂಟ ಆತು ತಂಗಿ, ಹಾಡ ಆಗಲಿಲ್ಲ," ಎಂದಿದ್ದರು. "ಹಾಡು ಖೋಲ್ಯಾಗ ಕೇಳಬೇಕು. ಖೋಲಿ ಗಾಳೀನೂ ಅದರಾಗ ಇರಬೇಕು."

ಅವರು ತಾವೇ ಕಟ್ಟಿದ ಸಾಗವಾನಿಯ ಸ್ಪೀಕರು ಪೆಟ್ಟಿಗೆಯ ಮುಂದೆ, ಊರಿನ ಜಲ್ಸಾ ಸಭೆಗಳಿಗೆ ಬಾಡಿಗೆ ಕೊಡುವ ತಮ್ಮ ಮೈಕನ್ನು ನಿಲ್ಲಿಸುತ್ತಿದ್ದರು. ಹೀಗಾಗಿ ಕೋಣೆಯ ಗಾಳಿಯ ಜೊತೆಗೆ ಬಸ್ಸಿನ ಹಾರ್ನು, ಕುರ್ಚಿಯ ಕಿರ್ರು, ಅಮೀರರ ಬಾಯಿ ಎಲ್ಲವೂ ಬರುತ್ತಿದ್ದವು. ಕಹಳೆ ಇನ್ನೇನು ಏಳುತ್ತದೆ ಎನ್ನುವಾಗ ಅಮೀರ ಮುಂದಕ್ಕೆ ಬಾಗಿ, "ಬಂತ, ಬಂತ..." ಎನ್ನುತ್ತಿದ್ದರು. ಡ್ರಮ್ಮಿನವನು ಕೈ ಬಿಗಿಹಿಡಿದರೆ "ತಡೀ, ತಡೀ." ಮೇಲಿನ ಸ್ವರ ಹತ್ತಿದರೆ "ಅಬಬಬಾ." ಮೊದಲ ಬಾರಿ ಕೇಳುವ ರೆಕಾರ್ಡಿನಲ್ಲೂ ಅವರಿಗೆ ಅದು ಹೇಗೆ ಮುಂಚಿತವಾಗಿ ತಿಳಿಯುತ್ತಿತ್ತೋ ಗೊತ್ತಿಲ್ಲ.

"ನಿನ್ನ ಬಾಯಿಗೊಂದು ಸ್ವಿಚ್ ಕೂಡಸ್ತೇನಿ ತಡಿ," ಎನ್ನುತ್ತಿದ್ದರು ಕಾಕಾ, ಬದಿ ಮುಗಿದ ಮೇಲೆ.

"ಸ್ವಿಚ್ ಕೂಡಸ್ರಿ ಚಾಚಾ, ವಾರಂಟಿ ಎಷ್ಟ ವರ್ಷ?"

"ನಿನಗ ವಾರಂಟಿ ಇಲ್ಲ. ನೀ ಸೆಕೆಂಡಹ್ಯಾಂಡ ಮಾಲ."

ಇಳಿಸಿಕೊಂಡದ್ದನ್ನು ಮನೆಗೆ ತಂದು ಸ್ವಚ್ಛ ಮಾಡುವ ಕೆಲಸ ನನ್ನದು. ಹೆಡ್‌ಫೋನು ಹಾಕಿಕೊಂಡು ಕೂತು, ಪರದೆಯ ಮೇಲೆ ಅಲೆಯ ಗೆರೆ ನೋಡುತ್ತಾ, ಹಾರ್ನು ಬಂದಲ್ಲಿ ಹಾರ್ನು, ಮಾತು ಬಂದಲ್ಲಿ ಮಾತು, ಅಡಿಯ ಸಂಗೀತ ಆದಷ್ಟು ಉಳಿಯುವಂತೆ ಕತ್ತರಿಸಿ ತೆಗೆಯುತ್ತಿದ್ದೆ. ಖಾಲಿಯಾದ ಜಾಗಕ್ಕೆ ಅಕ್ಕಪಕ್ಕದಲ್ಲಿ ಸೂಜಿ ಸವರುವ ಬರಿಯ ಸುರ್‌ ಸದ್ದನ್ನು ಅಷ್ಟೇ ಅಳತೆಯಲ್ಲಿ ತಂದು ತುಂಬುತ್ತಿದ್ದೆ. ಕೈ ಎಷ್ಟು ಪಳಗಿತ್ತೆಂದರೆ ಕಡೆಕಡೆಗೆ ಕೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಅಮೀರರ ಧ್ವನಿಯ ಅಲೆ ನೋಡಿದರೆ ಗುರುತು ಹತ್ತುತ್ತಿತ್ತು; ಗೆರೆ ಎಳೆದು, ಅಳಿಸಿ, ಮುಂದೆ ಹೋಗುತ್ತಿದ್ದೆ. ಸ್ವಚ್ಛ ಪ್ರತಿ ಸಿದ್ಧವಾದ ಮೇಲೆ ಮೂಲವನ್ನು ಉಳಿಸುತ್ತಿರಲಿಲ್ಲ. ಎರಡು ಪ್ರತಿ ಇದ್ದರೆ ಮುಂದೊಂದು ದಿನ ಯಾವುದು ಸರಿಯಾದದ್ದು ಎಂಬ ಗೊಂದಲ ಹುಟ್ಟುತ್ತದೆ. ಗ್ರಂಥಾಲಯದವರಿಗೆ ಗೊಂದಲದಷ್ಟು ಹೆದರಿಕೆ ಬೇರೆ ಯಾವುದೂ ಇರುವುದಿಲ್ಲ.

ಜನವರಿಯ ಕೊನೆಯ ಭಾನುವಾರ ‘ಹರಕು ಲೇಬಲ್’ ಹಾಕಿದೆವು. ಒಂದು ಕಹಳೆ, ಒಂದು ಪಿಯಾನೊ, ಒಂದು ಬಾಸು, ಒಂದು ಡ್ರಮ್ಮು. ಮೊದಲ ಬದಿ ಮುಗಿದ ಮೇಲೆ ಮಾತು ಬಹಳ ಹೊತ್ತು ನಡೆಯಿತು.

"ಈ ಡ್ರಮ್ಮಿನಾಂವ ತಾಳದ ಸಮಕ್ಕ ಎಲ್ಲೂ ಬರೂದ ಇಲ್ಲರಿ," ಎಂದರು ಚೇತನಕುಮಾರ. "ಇನ್ನೇನ ಬಂದ ಅಂತೇವಿ, ಬಾಗಿಲದಾಗ ನಿಂತ ನಕ್ಕು ಹೋಗ್ತಾನ."

"ಮೊಹರಮ್ಮಿನ್ಯಾಗ ಹಲಗಿ ಬಡಿಯಾವ್ರನ್ನ ನೋಡ್ರಿ ಸರ," ಎಂದರು ಕಾಕಾ. "ಹೆಜ್ಜಿ ತಪ್ಪಿದಾಂಗ ಮಾಡ್ತಾರ, ತಪ್ಪೂದಿಲ್ಲ. ಅದ ಇದು."

"ಕಹಳಿ ಕೇಳೀರಿಲ್ಲ?" ಅಮೀರ ಕೈ ಮುಂದೆ ಚಾಚಿದರು. "ನಮ್ಮ ಇಂಡಿ ಲಿಂಬಿಹಣ್ಣ ಬಾಯಾಗ ಹಿಂಡಿಕೊಂಡು ಊದ್ಯಾನ. ಹುಳಿ ಹತ್ತಿ ಮಾರಿ ಕಿವುಚಿದ್ದು ಸುದ್ದಾ ಕೇಳಸ್ತೈತಿ."

"ನೀವೇನಂತೀರಿ ಅಕ್ಕಾರ?" ಎಂದು ಅಮೀರ ನನ್ನ ಕಡೆ ತಿರುಗಿದರು.

ನಾನು ಏನೋ ಹೇಳಿದೆ. ಅಳೆದೂ ಸುರಿದೂ ಹೇಳಿರುತ್ತೇನೆ.

ಎರಡನೆಯ ಬದಿ ಶುರುವಾದಾಗ ಐದೂವರೆ ದಾಟಿತ್ತು. ಅದರ ನಡುವೆ ಒಂದು ಕಡೆ ಪಿಯಾನೊ ಹಿಂದೆ ಸರಿದು ಬಾಸೊಂದೇ ನಡೆಯುತ್ತದೆ, ಆಮೇಲೆ ಬಾಸೂ ನಿಂತು, ಕಹಳೆ ಮರಳಿ ಬರುವ ಮೊದಲು ಚಿಕ್ಕದೊಂದು ತೆರಪು ಬರುತ್ತದೆ. ಆ ತೆರಪಿನಲ್ಲಿ ಅಮೀರ ಏನೋ ಅಂದರು. ನಾನು ತಿರುಗಿ ನೋಡಲಿಲ್ಲ. ಬಲಗೈಯ ತೋರುಬೆರಳು ಮೇಲೆತ್ತಿದೆ, ಓದುವ ಕೋಣೆಯಲ್ಲಿ ಪಿಸುಗುಡುವ ಹುಡುಗಿಯರಿಗೆ ಎತ್ತುವಂತೆ. ಅವರು ಸುಮ್ಮನಾದರು.

ಬದಿ ಮುಗಿದಾಗ ಆರು ಗಂಟೆ. ಅಮೀರ ಹೆಲ್ಮೆಟ್ಟು ಕೈಗೆತ್ತಿಕೊಂಡು, "ಮುಂದಿನ ಸಲ ಬಾಯಿಗೆ ಪಟ್ಟಿ ಹಚ್ಚಿಕೊಂಡ ಬರ್ತೇನಿ ಅಕ್ಕಾರ," ಎಂದು ನಗುತ್ತಾ ಏಣಿ ಇಳಿದರು. ನಾನು ತಾಳಿಕೋಟಿ ಮೇಲಿನ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಕೂತು ಆ ಬದಿಯನ್ನು ಸ್ವಚ್ಛ ಮಾಡಿದೆ. ನಡುವಿನ ತೆರಪಿನಲ್ಲಿ ಅಮೀರರ ಅಲೆ ಕಂಡಿತು. ಕೇಳದೆಯೇ ಗೆರೆ ಎಳೆದೆ. ಎರಡೂಕಾಲು ಸೆಕೆಂಡು. ತೆಗೆದು ಸುರ್‌ ತುಂಬಿದೆ, ಮೂಲವನ್ನು ಅಳಿಸಿದೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಗ ಏಳು ಗಂಟೆ. ಎಂಟಕ್ಕೆ ಚೇತನಕುಮಾರರ ಫೋನು ಬಂತು. ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ, ಇಂಡಿಗೆ ಇನ್ನು ಹತ್ತು ಕಿಲೋಮೀಟರ್ ಇದೆ ಎನ್ನುವಾಗ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಅಮೀರರ ಬೈಕು ಬಡಿದಿತ್ತು.

ಅಂದರೆ ನಾನು ಅವರ ಮಾತನ್ನು ಕತ್ತರಿಸುತ್ತಿದ್ದಾಗ ಅವರು ಇರಲಿಲ್ಲ. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಮಣ್ಣಿಗೆ ಹೋದ ದಿನ ಗಂಡಸರು ಹೊರಗೆ ಕೂತಿದ್ದರು. ನಾನು ಒಳಗೆ ಹೆಂಗಸರ ನಡುವೆ ಕೂತು ಬಂದೆ. ಅಮೀರರ ಹೆಂಡತಿ ಶಮಾ ಅವರನ್ನು ನಾನು ಮಾತಾಡಿಸಿದ್ದು ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಹೋದಾಗ. ಅವರು ಇದ್ದತ್ತಿನಲ್ಲಿದ್ದರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಗೈಬುಸಾಬ ಕಾಕಾ, ಚೇತನಕುಮಾರ ಏನು ಹೇಳಬೇಕೆಂದರೂ ನನ್ನ ಬಾಯಿಂದಲೇ ಹೇಳಿಸಬೇಕಿತ್ತು.

ಶಮಾ ನನ್ನನ್ನು ಹಿಂದಿನ ಖೋಲಿಗೆ ಕರೆದೊಯ್ದರು. ಬಳೆಯಿಲ್ಲದ ಕೈ, ಬಿಳಿಯ ದುಪಟ್ಟಾ. ಮೂವತ್ತೈದರ ಆಚೀಚೆ ಇರಬೇಕು.

"ಅಕ್ಕಾರ, ಒಂದ ಮಾತ ಕೇಳ್ಲೇನ್ರಿ?"

"ಕೇಳ್ರಿ."

"ಇವರ ಫೋನ ಪುಡಿಪುಡಿ ಆಗಿ ಬಂತು. ನಂದು ಬಟನ್ ಫೋನ. ಮದುವಿ ವಿಡಿಯೊ ಐತಿ, ಹಾಕಿ ನೋಡಿದ್ರ ಅದರ ಮ್ಯಾಲೆಲ್ಲಾ ಸಿನಿಮಾ ಹಾಡ ಕೂಡಸ್ಯಾರ ಆ ಫೋಟೊದಾಂವ. ಇವರ ಬಾಯಿ ಅಷ್ಟ ಹಾಲತೈತಿ. ದನಿ ಇಲ್ಲ." ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡರು. "ನನಗ ಮರಿಯಾಕತ್ತೈತಿ ಅಕ್ಕಾರ. ಮಾರಿ ನೆನಪೈತಿ. ದನಿ ತಕ್ಕೊಂಡ ಬರಬೇಕಂದ್ರ ಬರವಲ್ದು. ನೀವು ಅಲ್ಲಿ ಎಲ್ಲಾ ರೆಕಾರ್ಡ ಮಾಡತಿದ್ರಂತಲ್ಲ? ಅದರಾಗ ಇವರು ಮಾತಾಡಿದ್ದು ಇರಬೇಕಲ್ಲರಿ?"

"ಇರತೈತ್ರಿ," ಎಂದೆ. "ತಗದು ಕೊಡ್ತೇನಿ."

ಮಾತನ್ನು ಯೋಚಿಸದೆ ಆಡುವವಳಲ್ಲ ನಾನು. ಅಂದು ಆಡಿದೆ.

ಮನೆಗೆ ಬಂದು ನಲವತ್ತೊಂದು ಫೈಲುಗಳನ್ನೂ ತೆರೆದೆ. ನನ್ನ ಕೆಲಸ ಬಹಳ ಚೊಕ್ಕವಾಗಿತ್ತು. ಒಂದು ಕೆಮ್ಮನ್ನು ಸಹ ಬಿಟ್ಟಿರಲಿಲ್ಲ. ಅಳಿಸಿದ್ದನ್ನು ಮರಳಿ ಪಡೆಯುವ ಯಾವುದೋ ಪ್ರೋಗ್ರಾಮು ಇದೆಯೆಂದು ಕಾಲೇಜಿನ ಕಂಪ್ಯೂಟರಿನವರಿಗೆ ಡಿಸ್ಕು ಕೊಟ್ಟೆ. ಅವರು ಮೂರು ದಿನ ಇಟ್ಟುಕೊಂಡು, "ಅದರ ಮ್ಯಾಲ ಮತ್ತ ಮತ್ತ ಬರದೀರಿ ಮೇಡಮ್, ಏನೂ ಉಳದಿಲ್ಲ," ಎಂದು ಮರಳಿಸಿದರು.

ಉಳಿದದ್ದು ತೂತುಗಳು. ಮೊದಲು ಅವು ನನಗೆ ಕೇಳಿಸುತ್ತಲೇ ಇರಲಿಲ್ಲ. ಈಗ ಅವೇ ಕೇಳಿಸತೊಡಗಿದವು. ‘ಮುದುಕನ ಬಾಸ್’ನ ಮೂರನೆಯ ನಿಮಿಷದಲ್ಲಿ ಸಂಗೀತ ಒಂದು ಕೂದಲೆಳೆಯಷ್ಟು ಕುಗ್ಗಿ ಹಿಂದೆ ಹೋಗುತ್ತದೆ, ಮುಕ್ಕಾಲು ಸೆಕೆಂಡು. ಅಲ್ಲಿ ‘ತಡೀ, ತಡೀ’ ಇತ್ತು. ‘ಜಗಳಗಂಟರ’ಲ್ಲಿ ಐದು ಕಡೆ ‘ಬಂತ, ಬಂತ’. ಒಬ್ಬ ಮನುಷ್ಯನ ಅಳತೆಗೆ ಸರಿಯಾಗಿ ಕತ್ತರಿಸಿ ತೆಗೆದ ಜಾಗ. ಹಾಡು ಅಲ್ಲಿಗೆ ಬಂದಾಗ ಹಿಂದೆ ಯಾರೋ ಬಂದು ನಿಂತು, ಬಾಯಿ ತೆರೆದು, ಸದ್ದಿಲ್ಲದೆ ಮುಚ್ಚಿದ ಹಾಗಾಗುತ್ತಿತ್ತು. ಮೂರ್ನಾಲ್ಕು ಸಲ ಹೆಡ್‌ಫೋನು ತೆಗೆದು ತಿರುಗಿ ನೋಡಿದ್ದೇನೆ. ಕಿಟಕಿಯಾಚೆ ಹಗಲೇ ಇರುತ್ತಿತ್ತು.

ಎಲ್ಲ ತೂತುಗಳಲ್ಲಿ ಏನಿತ್ತೆಂದು ನನಗೆ ನೆನಪಿತ್ತು, ಕೊನೆಯದೊಂದನ್ನು ಬಿಟ್ಟು. ಅದನ್ನು ನಾನು ಕೇಳಿರಲೇ ಇಲ್ಲ. ಅಟ್ಟದಲ್ಲಿ ಕೇಳಿಸಿಕೊಳ್ಳದೆ ಬೆರಳೆತ್ತಿದ್ದೆ, ಮನೆಯಲ್ಲಿ ಕೇಳದೆ ಗೆರೆ ಎಳೆದಿದ್ದೆ. ‘ಬಂತ, ಬಂತ’ ಎನ್ನಲು ಅಮೀರರಿಗೆ ಒಂದು ಸೆಕೆಂಡು ಬೇಕು. ಎರಡೂಕಾಲು ಎಂದರೆ ಅದು ಬೇರೆ ಏನೋ. ನಾನು ಗಡಿಯಾರ ನೋಡುತ್ತಾ ಒಂದೊಂದು ಮಾತು ಹೇಳಿ ಅಳೆಯತೊಡಗಿದೆ.

"ಯಾರ ಜೋಡಿ ಮಾತಾಡಾಕತ್ತಿ?" ಅಡುಗೆಮನೆಯಿಂದ ನನ್ನವ್ವ ಚನ್ನವ್ವ ಕೂಗಿದಳು.

"ಯಾರ ಜೋಡೀನೂ ಇಲ್ಲಬೇ."

"ಮತ್ತ ‘ಹೋಗ್ತೇನಿ, ಹೋಗ್ತೇನಿ’ ಅಂತ ಯಾಕ ಅನ್ನಾಕತ್ತಿ? ಎಲ್ಲಿಗೆ ಹೋಗ್ತಿ?"

ಮಾರ್ಚಿನಲ್ಲಿ ನಾವು ಮೂವರೂ ಸಿಂದಗಿಯಲ್ಲಿ ಸೇರಿದೆವು. ರೆಕಾರ್ಡು ಹಾಕಲಿಲ್ಲ. ಅಟ್ಟ ಹತ್ತದೆ ಕೆಳಗೆ ಅಂಗಡಿಯಲ್ಲೇ, ಬಿಚ್ಚಿಟ್ಟ ಮಿಕ್ಸರು ಫ್ಯಾನುಗಳ ನಡುವೆ ಕೂತು ನಾನು ನಡೆದದ್ದೆಲ್ಲ ಹೇಳಿದೆ.

"ಒಂದೂ ಉಳಿದಿಲ್ಲ?" ಕಾಕಾ ಕನ್ನಡಕ ತೆಗೆದರು. "ಒಂದ ‘ಹೂಂ’ ಸುದ್ದಾ?"

"ಇಲ್ಲ ಕಾಕಾ."

"ನಿನ್ನ ಕೆಲಸ ಅಂದ್ರ ಕೆಲಸ ಬಿಡವಾ," ಎಂದರು. ಬೈದರೋ ಮೆಚ್ಚಿದರೋ ತಿಳಿಯಲಿಲ್ಲ.

"ಕೊನೀ ದಿನ ಅವರು ಏನಂದ್ರು? ನಿಮಗ್ಯಾರಿಗರೆ ಕೇಳಿಸಿತ್ತೇನು?" ಎಂದು ಕೇಳಿದೆ.

"ಮತ್ತೇನಂತಾನ? ‘ಬಂತ ಬಂತ’ ಅಂದಿರಬೇಕು."

ಚೇತನಕುಮಾರ ನೆಲ ನೋಡುತ್ತಿದ್ದರು. "ನನಗ ಹಂಗ ಅನಸಲಿಲ್ಲರಿ. ಕಿಟಕಿ ಕಡೆ ನೋಡಿ ಅಂದ್ರು. ಹೊತ್ತು ಅಂತ ಏನೋ... ನಾ ಬಾಸ್ ಕೇಳಕೋತ ಕುಂತಿದ್ದೆ. ಖರೇ ಹೇಳಬೇಕಂದ್ರ ನೆನಪಿಲ್ಲ."

ನನ್ನ ಬಲಗೈ ಮಡಿಲಲ್ಲಿತ್ತು. ಅದನ್ನು ಎಡಗೈಯಿಂದ ಮುಚ್ಚಿಕೊಂಡೆ. ಅಂದು ಆ ಬೆರಳು ಏಳದಿದ್ದರೆ ಕಾಕಾ ಸೂಜಿ ಎತ್ತುತ್ತಿದ್ದರು, ಅಮೀರ ಹದಿನೈದು ನಿಮಿಷ ಮೊದಲೇ ಏಣಿ ಇಳಿಯುತ್ತಿದ್ದರು, ಬೆಳಕಿರುವಾಗಲೇ ಆ ಟ್ರ್ಯಾಲಿಯನ್ನು ದಾಟಿ ಮನೆ ಸೇರುತ್ತಿದ್ದರು. ಕಾಕಾಗೆ ಈ ಲೆಕ್ಕ ಹೊಳೆದಂತೆ ಕಾಣಲಿಲ್ಲ. ಅಥವಾ ಹೊಳೆದು, ನನಗಾಗಿ ಮಾತು ಬದಲಿಸಿದರೋ ಏನೋ.

"ಚೇತನ ಸರ," ಎಂದರು. "ನೀವು ಅವನ್ನ ಅಣಗಸ್ತಿದ್ರೆಲ್ಲ, ಒಮ್ಮಿ ಮಾಡ್ರಿ."

ಚೇತನಕುಮಾರ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಎಲ್ಲ ಮಾಸ್ತರರ ದನಿ ಅನುಕರಿಸುವವರು. ಅಮೀರರ ಎದುರಿಗೇ ಅಮೀರರ ಹಾಗೆ ಮಾತಾಡಿ ನಗಿಸುತ್ತಿದ್ದರು. ಈಗ ಬೇಡವೆಂದು ತಲೆಯಾಡಿಸಿದರು. ಕಾಕಾ ಬಿಡಲಿಲ್ಲ.

"ಆ ಹೆಣ್ಣಮಗಳಿಗೆ ಒಂದ ದನಿ ಬೇಕಾಗೈತಿ. ನಮ್ಮ ಕಡೆ ಒಂದ ದನಿ ಐತಿ. ಪಾಪ ಹತ್ತಿದ್ರ ನನಗ ಹತ್ತಲಿ. ಹಚ್ಚವಾ ಮೈಕ."

ಚೇತನಕುಮಾರ ಗಂಟಲು ಸರಿಮಾಡಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, "ಬಂತ, ಬಂತ..." ಎಂದರು.

ಯಾರೂ ನಗಲಿಲ್ಲ. ಕಾಕಾ ಏಣಿಯ ಕಡೆ ನೋಡಿದರು. ನಾನೂ ನೋಡಿದೆ. ಮೇಲೆ ಅಟ್ಟದ ಹಲಗೆಗಳು ಸುಮ್ಮನಿದ್ದವು. ಚೇತನಕುಮಾರ ತಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತರು. ಆಮೇಲೆ ಹೇಳಬೇಕಾದದ್ದನ್ನೆಲ್ಲ ಒಂದೊಂದಾಗಿ ಮೈಕಿಗೆ ಹೇಳಿ ಮುಗಿಸಿ, ನೀರು ಕುಡಿದು, ಚಹಾ ಬಂದರೂ ನಿಲ್ಲದೆ ಬಸ್ಸಿಗೆ ಹೋದರು.

ಅದನ್ನು ಐದು ರೆಕಾರ್ಡುಗಳ ತೂತುಗಳಲ್ಲಿ ಕೂಡಿಸಿದೆ. ಎಳೆಯಬೇಕಾಗಲಿಲ್ಲ, ಕುಗ್ಗಿಸಬೇಕಾಗಲಿಲ್ಲ. ಎಲ್ಲವೂ ತಂತಮ್ಮ ಜಾಗದಲ್ಲಿ ತಾವೇ ಹೋಗಿ ಕೂತವು. ಒಂದು ಸಲ ಕೇಳಿದೆ. ಎರಡನೆಯ ಸಲ ಕೇಳುವ ಧೈರ್ಯವಾಗಲಿಲ್ಲ.

ಏಪ್ರಿಲ್ ಮೊದಲ ವಾರ ಇಂಡಿಗೆ ಹೋದೆ. ಪೆನ್‌ಡ್ರೈವಿನಲ್ಲಿ ಎರಡು ಫೋಲ್ಡರುಗಳಿದ್ದವು. ಒಂದರಲ್ಲಿ ಚೇತನಕುಮಾರರ ದನಿ ಕೂಡಿಸಿದ ಐದು, ಇನ್ನೊಂದರಲ್ಲಿ ಹೇಗಿದ್ದವೋ ಹಾಗೇ ನಲವತ್ತೊಂದು. ಎರಡನೆಯದನ್ನು ಯಾಕೆ ಒಯ್ದೆನೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ.

ಹಿಂದಿನ ಖೋಲಿಯಲ್ಲಿ ಅಮೀರರ ಸ್ಪೀಕರು ಇತ್ತು, ಕಾಕಾ ಮಾಡಿಕೊಟ್ಟದ್ದು. ನಾನು ಒಯ್ದಿದ್ದ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿದೆ. ಶಮಾ ಅದರ ಮೇಲಿನ ಧೂಳು ಒರೆಸಿ, ಬಾಗಿಲು ಮುಂದೆ ಮಾಡಿ, ಎದುರಿಗೆ ಚಾಪೆಯ ಮೇಲೆ ಕೂತರು.

"ಇವರು ದಿನಾ ಹಾಕತಿದ್ರು. ನಾನು ‘ಆ ಪೊಂಯ್ ಪೊಂಯ್ ಬಂದ ಮಾಡ್ರಿ, ತಲಿ ಹಿಡೀತು’ ಅಂತಿದ್ದೆ," ಎಂದರು. "ಈಗ ಹಚ್ಚ್ರಿ."

ಮೊದಲನೆಯ ಫೋಲ್ಡರು ತೆರೆದು ‘ಇಬ್ಬರು ಜಗಳಗಂಟರು’ ಹಚ್ಚಿದೆ. ಮೊದಲ ಮಾತು ಬರುವುದು ಒಂದು ನಿಮಿಷ ನಲವತ್ತು ಸೆಕೆಂಡಿಗೆ. ಶಮಾ ದುಪಟ್ಟಾವನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡರು. ಕಣ್ಣು ಮುಚ್ಚಿದರು. ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೆ ಕಾಯುವವರ ಹಾಗೆ ಅವರ ಮುಖ ಸಿದ್ಧವಾಗುತ್ತಾ ಬಂತು. ಒಂದು ಮೂವತ್ತು. ಒಂದು ಮೂವತ್ತೈದು.

ನಾನು ನಿಲ್ಲಿಸಿಬಿಟ್ಟೆ.

"ಯಾಕ್ರಿ?"

"ಇದರಾಗಿರೂದು ಅವರ ದನಿ ಅಲ್ಲರಿ," ಎಂದೆ. "ಚೇತನಕುಮಾರ ಸರ್ ಅವರಂಗ ಅಂದದ್ದು. ಅವರದು ಒಂದೂ ಇಲ್ಲ. ನಾನ ತಗದೇನಿ. ಆರು ವರ್ಷ ತಗದೇನಿ."

ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಶಮಾ ನನ್ನ ಕೈಗಳನ್ನೇ ನೋಡಿದರು.

"ಚಹಾ ಸೋಸಿ ಪುಡಿ ಚೆಲ್ಲಿದಾಂಗ ಚೆಲ್ಲೀರಿ," ಎಂದರು. "ಯಾಕ್ರಿ ಅಕ್ಕಾರ? ಅವರು ಮಾತಾಡಿದ್ರ ನಿಮ್ಮ ಹಾಡು ಏನ ಕೆಡತಿತ್ತು?"

ನಾನು ಪೆನ್‌ಡ್ರೈವು ಕೀಳಲು ಕೈ ಚಾಚಿದೆ.

"ಖಾಲಿ ಐತಿ ಅಂದ್ರೆಲ್ಲ, ಅದನ್ನ ಹಚ್ಚ್ರಿ."

"ಅದರಾಗ ಏನೂ ಇಲ್ಲರಿ."

"ಇಲ್ಲದ್ದನ್ನ ಹಚ್ಚ್ರಿ. ಎಲ್ಲಿ ಇಲ್ಲ ಅಂತ ತೋರಿಸ್ರಿ."

ಎರಡನೆಯ ಫೋಲ್ಡರು ತೆರೆದೆ. ತೂತು ಬಂದಾಗಲೆಲ್ಲ ತೋರಿಸಿದೆ. ಇಲ್ಲಿ. ಇಲ್ಲಿ. ಶಮಾ ತಲೆಯಾಡಿಸುತ್ತಾ ಹೋದರು. ಅರ್ಧ ಗಂಟೆಯ ನಂತರ ನಾನು ತೋರಿಸುವ ಮೊದಲೇ ಅವರ ಕಣ್ಣು ಪರದೆಯ ಮೇಲೆ ತೂತಿನ ಹತ್ತಿರ ಹೋಗಿರುತ್ತಿತ್ತು.

"ಕೊನೀದು?"

"ಕೊನೀದರಾಗ ಏನಂದ್ರು ನನಗ ಗೊತ್ತಿಲ್ಲರಿ." ಬಲಗೈಯ ತೋರುಬೆರಳನ್ನು ಮುಂದೆ ಹಿಡಿದೆ. "ಹೊತ್ತಾತು ಅಂದ್ರೋ ಏನೋ. ಹೊತ್ತಾತು, ಹೋಗ್ತೇನಿ ಅಂತ. ನಾನು ತಿರುಗಿ ನೋಡಲಿಲ್ಲ. ಬೆರಳ ಎತ್ತಿ ಸುಮ್ನ ಕುಂದ್ರಿಸಿದೆ. ಅಲ್ಲಿ ನಡುವ ಏಳೂಹಂಗ ಇಲ್ಲ. ಮುಗಿಯೂತನಾ ಕುಂತ್ರು."

ಹೊರಗೆ ಲಿಂಬೆ ಚೀಲ ಇಳಿಸುವ ಟೆಂಪೊ ಹಿಂದೆ ಸರಿಯುತ್ತಿತ್ತು. ಅದರ ಸದ್ದು ನಿಲ್ಲುವ ತನಕ ಶಮಾ ಕಾದರು.

"ಆರೂವರೆ ಅಂದ್ರ ಬರ್ತೇನಿ ಅಂದಿದ್ರು," ಎಂದರು. "ಜ್ವಾಳದ ರೊಟ್ಟಿ ಬಡಿಯಾಕ ಹಿಟ್ಟ ಕಲಸಿಟ್ಟಿದ್ದೆ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು. ಬಂದವರೇ ಮೊದಲು ಕೂತದ್ದಕ್ಕಿಂತ ನನ್ನ ಹತ್ತಿರ ಕೂತರು.

"ಹಚ್ಚ್ರಿ ಅದನ್ನ. ಮೊದಲಿಂದ. ಇವತ್ತ ಸುಮ್ನ ಕುಂದ್ರಬ್ಯಾಡ್ರಿ. ಅವರು ಎಲ್ಲೆಲ್ಲಿ ಏನೇನ ಅಂತಿದ್ರು ನೀವು ಅನ್ರಿ. ನಿಮ್ಮ ದನಿಲೇ ಅನ್ರಿ. ನಾ ಕೇಳ್ತೇನಿ."

‘ಹರಕು ಲೇಬಲ್’, ಎರಡನೆಯ ಬದಿ. ಡ್ರಮ್ಮಿನ ಮೇಲೆ ಬ್ರಶ್ಶು ಸರಿದಾಡಿತು. ಪಿಯಾನೊ ಬಂತು. ಸಂಗೀತ ನಡೆಯುವಾಗ ನಾನು ಜೀವಮಾನದಲ್ಲಿ ಮಾತಾಡಿದವಳಲ್ಲ. ಮೊದಲ ತೂತು ಸುಮ್ಮನೆ ದಾಟಿಹೋಯಿತು. ಶಮಾ ನನ್ನ ಮೊಳಕಾಲು ತಟ್ಟಿದರು.

"ತಡೀ, ತಡೀ," ಎಂದೆ ಎರಡನೆಯದಕ್ಕೆ. ದನಿ ಹೊರಗೆ ಬಂತೋ ಇಲ್ಲವೋ.

"ಜೋರ ಅನ್ರಿ. ಅವರು ಹಿಂಗ ಪಿಸಪಿಸ ಅಂತಿರಲಿಲ್ಲ."

"ಬಂತ, ಬಂತ," ಎಂದೆ. ಕಹಳೆ ಬಂತು. ಆರು ವರ್ಷ ಆ ಮಾತಿನ ಹಿಂದೆ ಕಹಳೆ ಹೀಗೆ ಏಳುತ್ತಿತ್ತೆಂದು, ಮಾತು ಅದಕ್ಕೆ ಅಡ್ಡ ಬರುತ್ತಿರಲಿಲ್ಲವೆಂದು, ನಾನು ಗಮನಿಸಿರಲಿಲ್ಲ. "ಅಬಬಬಾ," ಎಂದೆ. ಶಮಾ ಒಂದು ಸಲ ನಕ್ಕರು, ಕೂಡಲೇ ದುಪಟ್ಟಾದ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದರು.

ಪಿಯಾನೊ ಹಿಂದೆ ಸರಿಯಿತು. ಬಾಸೊಂದೇ ಉಳಿಯಿತು. ಮುಂದೆ ಏನಿದೆಯೆಂದು ನನಗೆ ಗೊತ್ತಿತ್ತು, ನನ್ನ ಮುಖ ನೋಡಿ ಅವರಿಗೂ ತಿಳಿಯಿತು. ಬಾಸು ಮೂರು ಹೆಜ್ಜೆ ಇಳಿದು ನಿಂತಿತು. ಸುರ್‌ ಶುರುವಾಯಿತು.

"ಹೊತ್ತಾತ್ರಿ, ನಾ ಹೋಗ್ತೇನಿ," ಎಂದೆ.

ಮಾತು ಮುಗಿದರೂ ತೂತು ಮುಗಿದಿರಲಿಲ್ಲ. ಅರ್ಧ ಸೆಕೆಂಡಾದರೂ ಉಳಿದಿರಬೇಕು. ನನ್ನ ಮಾತು ಅಳತೆಗೆ ಸರಿಯಾಗಿರಲಿಲ್ಲ, ಅಥವಾ ಅವರು ಅಂದದ್ದು ಇದಲ್ಲವೇ ಅಲ್ಲ. ಆ ಉಳಿದ ಸುರ್‌ನಲ್ಲಿ ಶಮಾ ಸ್ಪೀಕರಿನ ಕಡೆ ಮುಖ ಮಾಡಿ, ಹೊಸ್ತಿಲಲ್ಲಿ ನಿಂತು ದಿನವೂ ಹೇಳುವವರ ಹಾಗೆ, "ಹೂಂ, ಸಾವಕಾಶ ಬರ್ರಿ," ಎಂದರು.